ಜೆರಾಕ್ಸ್ ಕಮ್ಮಿ ಮಾಡಿ ಅಂತ ಒಬ್ಬ ಜೆರಾಕ್ಸ್ ಅಂಗಡಿಯವನ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಶಿವಮೊಗ್ಗ
ಪ್ರತಿ: ಜಿಲ್ಲೆಯ ಎಲ್ಲರಿಗೂ

ನಮಸ್ಕಾರ.

ನಾನು ಸಾಗರದಲ್ಲಿ 22 ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಜನರ ಹತ್ತಿರ ಜೆರಾಕ್ಸ್ ಕೇಳುವುದನ್ನು ಕಮ್ಮಿ ಮಾಡಿ ಅಂತ ನಿಮ್ಮನ್ನು ಕೇಳಿಕೊಳ್ಳೋಕೆ ಈ ಪತ್ರ. ಮನೆಯಲ್ಲಿ ಹೇಳಿದಾಗ "ಉಣ್ಣೋ ತಟ್ಟೆಗೆ ನೀವೇ ಮಣ್ಣು ಹಾಕ್ಕೊಳ್ತೀರಲ್ಲ" ಅಂದಳು ಹೆಂಡತಿ. ಅವಳು ಹೇಳಿದ್ದು ಸುಳ್ಳಲ್ಲ. ಅಂಗಡಿಯ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ಆಧಾರ್, ಪಹಣಿ, ಜಾತಿ-ಆದಾಯ ಪತ್ರ, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ಮೊದಲ ಪುಟ, ಇವುಗಳ ಕಾಪಿಯಿಂದಲೇ ನಡೆಯುತ್ತದೆ. ಆದರೂ ಬರೆಯುತ್ತಿದ್ದೇನೆ. ಕಾರಣ ಒಂದು ಗೆರೆ.

ನನ್ನ ದೊಡ್ಡ ಮೆಷಿನ್ನಿನ ಡ್ರಮ್, ಅಂದರೆ ಹಾಳೆಗೆ ಅಚ್ಚು ದಾಟಿಸುವ ಉರುಳೆ, ಅದರ ಮೇಲೆ ಒಂದು ಗೀರು ಇದೆ. ಯಾರೋ ಅರ್ಜಿಗೆ ಹೊಡೆದ ಪಿನ್ನು ಒಳಗೆ ಬಿದ್ದು ಆಗಿದ್ದು. ಅದರಿಂದ ಹೊರಬರುವ ಪ್ರತಿ ಹಾಳೆಯಲ್ಲೂ ಎಡ ಅಂಚಿನಿಂದ ಒಂದು ಬೆರಳಿನಷ್ಟು ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಬೀಳುತ್ತದೆ, ಮೇಲಿಂದ ಕೆಳಗಿನ ತನಕ, ನಡುವೆ ಎರಡು ಕಡೆ ತುಂಡಾಗಿ. ಗಿರಾಕಿಗಳು ಯಾರೂ ಗಮನಿಸುವುದಿಲ್ಲ. ಡ್ರಮ್ ಬದಲಾಯಿಸೋಕೆ ದುಡ್ಡು ಜಾಸ್ತಿ ಅಂತ ನಾನೂ ಸುಮ್ನೆ ಇದ್ದೆ.

ಹೋದ ಮಳೆಗಾಲದಲ್ಲಿ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯ ಒಬ್ಬ ಅಕ್ಕ ಬಂದರು. ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುವವರು, ನನಗೆ ಹಳೆಯ ಪರಿಚಯ. ಮೊದಲೆಲ್ಲ ಲಾಂಚ್ ಹಿಡಿದು ಬರುತ್ತಿದ್ದರು, 2025ರ ಜುಲೈನಲ್ಲಿ ಸೇತುವೆ ಶುರುವಾದ ಮೇಲೆ ಬಸ್ಸಿನಲ್ಲೇ ಬರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಒಂದು ಫೈನಾನ್ಸ್ ಕಂಪನಿಯ ನೋಟೀಸು. ಇವರ ಹೆಸರಲ್ಲಿ ಫೋನ್ ತಗೊಳ್ಳೋಕೆ ಸಾಲ ಆಗಿದೆಯಂತೆ, ಕಂತು ಕಟ್ಟಿಲ್ಲವಂತೆ. ಅಕ್ಕನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅವರ ತಮ್ಮ ಹೋಗಿ ಗಲಾಟೆ ಮಾಡಿ ಸಾಲದ ಕಾಗದಗಳ ಕಾಪಿ ಇಸ್ಕೊಂಡು ಬಂದಿದ್ದ. ದೂರು ಕೊಡೋಕೆ ಅದರದ್ದೇ ಎರಡು ಸೆಟ್ ಬೇಕಿತ್ತು. ಒಂದೊಂದೇ ಹಾಳೆ ಗಾಜಿನ ಮೇಲೆ ಇಡುತ್ತಿದ್ದೆ. ಸಾಲದ ಕಾಗದದ ಜೊತೆಗಿದ್ದ ಆಧಾರ್ ಕಾಪಿಯ ಸರದಿ ಬಂತು. ನನ್ನ ಮೆಷಿನ್ನಿಗೆ ಹಾಕುವ ಮೊದಲೇ ಅದರ ಎಡಗಡೆ ನನ್ನ ಗೆರೆ. ನಡುವೆ ಎರಡು ತುಂಡು.

ಆ ಕಾಪಿ ತೆಗೆದವನು ನಾನೇ. ಕೆಳಗಿರುವ ಸಹಿ ಮಾತ್ರ ಅಕ್ಕನದ್ದಲ್ಲ.

"ಎಲ್ಲೆಲ್ಲಿ ಕೊಟ್ಟಿದ್ರಿ ಅಕ್ಕಾ?" ಅಂತ ಕೇಳಿದೆ. "ಎಂತ ಹೇಳೋದು ತಮ್ಮಾ, ಕೇಳಿದಲ್ಲೆಲ್ಲ ಕೊಟ್ಟಿದ್ದೀನಿ" ಅಂದರು. ಲೆಕ್ಕ ಹಾಕಿದೆವು. ಮಗಳ ಸ್ಕಾಲರ್‌ಶಿಪ್ಪಿಗೆ, ಸಂಘದ ಸಾಲಕ್ಕೆ, ಸಿಮ್ಮಿಗೆ, ಗ್ಯಾಸಿಗೆ, ಮನೆ ಅರ್ಜಿಗೆ, ಬ್ಯಾಂಕಿಗೆ ಮೂರು ಸಲ. ನೆನಪಿಗೆ ಬಂದಿದ್ದೇ 14. ಅದರಲ್ಲಿ ಯಾವುದು ಜಾರಿ ಎಲ್ಲಿಗೆ ಹೋಯಿತೋ ಆ ದೇವರಿಗೇ ಗೊತ್ತು. ಯಾರನ್ನು ಅಂತ ದೂರುವುದು? ನಾನು ಯಾರನ್ನೂ ದೂರುತ್ತಿಲ್ಲ. ಆದರೆ ಆ ಹದಿನಾಲ್ಕರಲ್ಲಿ ಎಷ್ಟು ಕಡೆ ಆ ಕಾಗದ ನಿಜಕ್ಕೂ ಬೇಕಿತ್ತು, ಎಷ್ಟು ಕಡೆ ಅದನ್ನು ಒಬ್ಬರಾದರೂ ಕಣ್ಣುಬಿಟ್ಟು ನೋಡಿದರು ಅನ್ನೋ ಪ್ರಶ್ನೆ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ.

ನನ್ನ ಕಸುಬಿನ ಒಂದು ಸತ್ಯ ಹೇಳುತ್ತೇನೆ, ಕೇಳಿ. ಒಂದು ಮುಖ್ಯ ಕಾಗದ ಅಚ್ಚು ಹಾಕುವಾಗ ಅದಕ್ಕೆ ಎಷ್ಟೆಲ್ಲ ಕಾವಲು ಇಡುತ್ತಾರೆ. ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತು, ಬರಿಗಣ್ಣಿಗೆ ಗೆರೆಯಂತೆ ಕಂಡು ಭೂತಗನ್ನಡಿಯಲ್ಲಿ ಅಕ್ಷರವಾಗುವ ಸಣ್ಣ ಅಚ್ಚು, ನೇರಳೆ ದೀಪದಲ್ಲಿ ಮಾತ್ರ ಹೊಳೆಯುವ ಶಾಯಿ, ಓರೆ ಮಾಡಿದರೆ ಬಣ್ಣ ಬದಲಿಸುವ ಹಾಲೋಗ್ರಾಂ, ಬೆರಳಿಗೆ ತಟ್ಟುವ ಉಬ್ಬು ಮುದ್ರೆ. ಇವೆಲ್ಲ ಖರ್ಚಿನ ಕೆಲಸ. ಅದನ್ನು ತಂದು ನನ್ನ ಮೆಷಿನ್ನಿನ ಗಾಜಿನ ಮೇಲೆ ಇಟ್ಟರೆ ಎರಡು ರೂಪಾಯಿಗೆ ಅಷ್ಟೂ ಕಾವಲನ್ನು ನಾನು ತೆಗೆದುಬಿಡುತ್ತೇನೆ. ಹೊರಗೆ ಬರುವುದು ಕಪ್ಪು-ಬಿಳಿ ಹಾಳೆ. ಹಾಲೋಗ್ರಾಂ ಇದ್ದ ಕಡೆ ಒಂದು ಕಪ್ಪು ಕಲೆ. ನಿಮ್ಮ ಕಚೇರಿಗಳು ಕೇಳುವುದು ಈ ಹಾಳೆಯನ್ನು! ಅಸಲಿ ತೋರಿಸೋಕೆ ಬಂದವನಿಗೂ "ಅದು ಬೇಡ, ಜೆರಾಕ್ಸ್ ಕೊಡಿ" ಅನ್ನುತ್ತಾರೆ. ಕಳ್ಳನಿಗೆ ಇದಕ್ಕಿಂತ ಅನುಕೂಲ ಏನು ಬೇಕು ಹೇಳಿ.

ಚೆಕ್ಕಿಗೆ ಈ ಬುದ್ಧಿ ಮೊದಲೇ ಬಂದಿದೆ. ಸಿಟಿಎಸ್-2010 ಅಂತ ರಿಸರ್ವ್ ಬ್ಯಾಂಕ್ ಮಾಡಿದ ಅಳತೆಯ ಚೆಕ್ಕನ್ನು ನನ್ನ ಮೆಷಿನ್ನಿಗೆ ಹಾಕಿದರೆ ಕಾಪಿಯಲ್ಲಿ 'ವಾಯ್ಡ್' ಅನ್ನೋ ಅಕ್ಷರ ಎದ್ದು ಬರುತ್ತದೆ. ಅಸಲಿಯಲ್ಲಿ ಅದು ಸಣ್ಣ ಚುಕ್ಕಿಗಳ ನಡುವೆ ಅಡಗಿರುತ್ತದೆ, ಮೆಷಿನ್ನಿನ ಕಣ್ಣಿಗೆ ಮಾತ್ರ ಸಿಕ್ಕಿಬೀಳುತ್ತದೆ. ಅಂಗಡಿಗೆ ಬರುವ ಶಾಲೆ ಮಕ್ಕಳಿಗೆ ನಾನು ಇದನ್ನು ಮಾಡಿ ತೋರಿಸುತ್ತೇನೆ, ಬಾಯಿಬಿಟ್ಟುಕೊಂಡು ನೋಡುತ್ತವೆ. 2021ರ ಜನವರಿಯಿಂದ 50,000 ರೂಪಾಯಿ ಮೇಲಿನ ಚೆಕ್ಕಿನ ವಿವರವನ್ನು ಬರೆದವನೇ ಬ್ಯಾಂಕಿಗೆ ಮೊದಲು ತಿಳಿಸುವ 'ಪಾಸಿಟಿವ್ ಪೇ' ಕೂಡ ಬಂತು. ದುಡ್ಡಿನ ವಿಷಯಕ್ಕೆ ಇಷ್ಟು ಹುಷಾರು. ಮನುಷ್ಯನ ಗುರುತಿನ ಕಾಗದಕ್ಕೆ ಮಾತ್ರ ನನ್ನ ಗೀರುಬಿದ್ದ ಡ್ರಮ್ಮೇ ಗತಿ.

ಮೋಸದ ಕಾಗದ ಮಾಡೋದು ಎಷ್ಟು ಸುಲಭ ಅಂತ ಹೇಳಬಾರದು, ಆದರೆ ನಿಮಗೆ ಗೊತ್ತಿರಲಿ. ಅಂಗಡಿ ಹಾಕಿದ ಹೊಸತರಲ್ಲಿ ಒಬ್ಬ ಆದಾಯ ಪತ್ರದ ಜೆರಾಕ್ಸ್ ತಂದ, "ಇದರದ್ದೇ ಇನ್ನೊಂದು ಕಾಪಿ ಕೊಡಿ" ಅಂದ. ಕೊಟ್ಟೆ. ಅವನು ಹೋದ ಮೇಲೆ ಗಾಜಿನ ಮೇಲೆ ಅಕ್ಕಿಕಾಳಿನಷ್ಟು ಕಾಗದದ ಚೂರು ಅಂಟಿತ್ತು, ಅದರಲ್ಲಿ ಒಂದು ಸೊನ್ನೆ. ಅಂಟಿಸಿದ ಅಂಚು ಒಂದು ಕಾಪಿಯಲ್ಲಿ ಸಣ್ಣಗೆ ಕಾಣುತ್ತದೆ, ಕಾಪಿಯ ಕಾಪಿಯಲ್ಲಿ ಮಾಯ. ಈಗ ಅಂಟೂ ಬೇಡ ಕತ್ತರಿಯೂ ಬೇಡ, ಫೋನಿನಲ್ಲೇ ಆಗುತ್ತದೆ. ಇನ್ನು ಠಸ್ಸೆ ಬಿಡಿ, ಅಕ್ಷರ ಬರೆದುಕೊಟ್ಟರೆ ಎಷ್ಟೋ ಕಡೆ ಸಂಜೆಯೊಳಗೆ ಸೀಲು ರೆಡಿ, ನೀವು ಯಾರು ಅಂತ ಕೇಳುವವರು ಕಮ್ಮಿ.

ಮಲೆನಾಡಿನ ಮಳೆಗಾಲದ್ದು ಬೇರೆ ಕಥೆ. ಟೋನರ್ ಅಂದರೆ ಶಾಯಿ ಅಲ್ಲ, ಪ್ಲಾಸ್ಟಿಕ್ ಪುಡಿ. ಬಿಸಿಗೆ ಕರಗಿ ಹಾಳೆಗೆ ಕಚ್ಚಿಕೊಳ್ಳಬೇಕು. ಆಷಾಢದಲ್ಲಿ ನಮ್ಮಲ್ಲಿ ಬಂಡಲ್ ಬಿಚ್ಚಿದ ಒಂದು ದಿನಕ್ಕೇ ಕಾಗದ ತೇವ ಎಳೆದುಕೊಂಡು ಮೆತ್ತಗಾಗುತ್ತದೆ, ಪುಡಿ ಸರಿಯಾಗಿ ಕಚ್ಚುವುದಿಲ್ಲ. ಬ್ಲೇಡಿನಲ್ಲಿ ಕೆರೆದರೆ ಅಕ್ಷರ ಉದುರುತ್ತದೆ. ಅಂಟು ಟೇಪು ಒತ್ತಿ ಎತ್ತಿದರೆ ಹೆಸರೇ ಎದ್ದು ಬರುತ್ತದೆ. ಖಾಲಿಯಾದ ಜಾಗದಲ್ಲಿ ಬೇರೆ ಹೆಸರು ಕೂರಿಸುವುದು ಎಷ್ಟು ಹೊತ್ತು? ಹಾಗಾಗಿ ಕರಾರು, ಬಾಡಿಗೆ ಪತ್ರ ಇಂಥದ್ದಕ್ಕೆ ನಾನು ಮಳೆಗಾಲದಲ್ಲಿ ಬಲ್ಬು ಹಾಕಿದ ಪೆಟ್ಟಿಗೆಯಲ್ಲಿಟ್ಟ ಹಾಳೆಯನ್ನೇ ಬಳಸುತ್ತೇನೆ. ಇಂಕ್‌ಜೆಟ್ ಪ್ರಿಂಟಿನದ್ದು ಇನ್ನೂ ಕಷ್ಟ, ಛತ್ರಿಯ ನಾಲ್ಕು ಹನಿ ಬಿದ್ದರೆ ಸಾಕು, ಎಷ್ಟೋ ಸಲ ಅಕ್ಷರ ನೀಲಿ ಕೊಚ್ಚೆಯಾಗುತ್ತದೆ.

ಈಗ ನೋಡಿ, ಇದಕ್ಕೆಲ್ಲ ಮದ್ದು ಇಲ್ಲವೇ ಅಂದರೆ, ಇದೆ. ನಿಮ್ಮದೇ ಇಲಾಖೆಗಳು ಮಾಡಿಟ್ಟಿವೆ. ನಾಡಕಚೇರಿಯ ಜಾತಿ-ಆದಾಯ ಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ, ವೆಬ್‌ಸೈಟಿನಲ್ಲಿ ಅದನ್ನು ಒತ್ತಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಪಹಣಿ ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಬಂದು 20 ವರ್ಷದ ಮೇಲಾಯಿತು, 'ಭೂಮಿ'ಯಲ್ಲಿ ಸರ್ವೆ ನಂಬರ್ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಆಧಾರ್ ಮೇಲಿನ ಕ್ಯೂಆರ್ ಕೋಡಿನಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಫೋಟೋ ಎಲ್ಲ ಇದೆ, ಅದಕ್ಕೆ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಮೇಲಿನ ಹೆಸರನ್ನು ಎಷ್ಟೇ ತಿದ್ದಿದರೂ ಆ ಚೌಕದೊಳಗಿನ ಹೆಸರು ತಿದ್ದೋಕೆ ಆಗದು. ತಮಾಷೆ ಅಂದರೆ ಕಾವಲುಗಳಲ್ಲಿ ನನ್ನ ಮೆಷಿನ್ನಿಗೂ ಜಗ್ಗದ್ದು ಇದೊಂದೇ, ಕಾಪಿ ಚೆನ್ನಾಗಿ ಬಂದಿದ್ದರೆ ಜೆರಾಕ್ಸಿನಲ್ಲೂ ಸ್ಕ್ಯಾನ್ ಆಗುತ್ತದೆ. ಆಧಾರ್ ಪ್ರಾಧಿಕಾರದ್ದೇ ಆ್ಯಪ್ ಬೇಕು ಅಷ್ಟೆ. ಸಿಕ್ಕಸಿಕ್ಕ ಸ್ಕ್ಯಾನರ್ ಬಳಸಬಾರದು, ಯಾಕೆಂದರೆ ನಕಲಿ ಪತ್ರ ಮಾಡುವವನು ನಕಲಿ ವೆಬ್‌ಸೈಟಿಗೆ ಹೋಗುವ ಚೌಕವನ್ನೂ ಹಾಕಿಬಿಡಬಲ್ಲ.

22 ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಕಚೇರಿ ಮೆಟ್ಟಿಲು ಹತ್ತಿದ್ದೇನೆ. ಯಾರಾದರೂ ಆ ಚೌಕ ಸ್ಕ್ಯಾನ್ ಮಾಡಿದ್ದನ್ನು ನೋಡಿದ್ದು ಎರಡೇ ಸಲ. ಉಳಿದವರು ಕಾಗದ ಎಣಿಸುತ್ತಾರೆ. ಒಂದು, ಎರಡು, ಮೂರು, ಹಾಂ ಸರಿ ಇದೆ, ಟ್ಯಾಗ್ ಹಾಕು.

ಛಾಪಾ ಕಾಗದದ ವಿಷಯದಲ್ಲಿ ನಮ್ಮ ರಾಜ್ಯ ಇದೇ ಪಾಠಕ್ಕೆ ದುಬಾರಿ ಫೀಸು ಕಟ್ಟಿದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿ ಅಸಲಿಯನ್ನೇ ನಾಚಿಸುವಂಥ ಛಾಪಾ ಕಾಗದ ಅಚ್ಚು ಹಾಕಿ ದೇಶವೆಲ್ಲ ಮಾರಿದ, 2001ರಲ್ಲಿ ಸಿಕ್ಕಿಬಿದ್ದ, 2017ರಲ್ಲಿ ಶಿಕ್ಷೆಯಲ್ಲಿರುವಾಗಲೇ ಬೆಂಗಳೂರಿನಲ್ಲಿ ಸತ್ತ. ಅಷ್ಟು ಚೆಂದದ ನೀರುಗುರುತಿನ ಕಾಗದವನ್ನೂ ಅವನು ಸೋಲಿಸಿದ ಮೇಲೆ ಇ-ಸ್ಟ್ಯಾಂಪ್ ಬಂತು. ಅದರ ಕಾಗದ ಸಾದಾ, ಆದರೆ ಪ್ರತಿಯೊಂದಕ್ಕೂ ಬೇರೆ ನಂಬರ್, ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಕಾವಲು ಕಾಗದದಲ್ಲಿಲ್ಲ, ನೋಡುವುದರಲ್ಲಿದೆ. ನೋಡದಿದ್ದರೆ ಇ-ಸ್ಟ್ಯಾಂಪೂ ಒಂದು ಬಣ್ಣದ ಪ್ರಿಂಟು ಅಷ್ಟೆ, ನನ್ನ ಚಿಕ್ಕ ಮೆಷಿನ್ನಿನಲ್ಲೂ ಬರುತ್ತದೆ.

ಇದು ನಕಲಿ ಒಳಗೆ ಬರುವ ಬಾಗಿಲಿನ ಮಾತಾಯಿತು. ಅಸಲಿ ಹೊರಗೆ ಹೋಗುವ ಬಾಗಿಲೂ ಅದೇ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಸರಿಯಾಗಿ ಬಾರದ ಕಾಪಿಗಳನ್ನು ನಾನು ಮೇಜಿನ ಕೆಳಗಿನ ರಟ್ಟಿನ ಡಬ್ಬಕ್ಕೆ ಎಸೆಯುತ್ತಿದ್ದೆ, ತುಂಬಿದಾಗ ಗುಜರಿಯವನಿಗೆ. ಕೆಜಿ ಲೆಕ್ಕ. ಅದರಲ್ಲಿ ಎಷ್ಟು ಜನರ ಆಧಾರ್, ಎಷ್ಟು ಪಾಸ್‌ಬುಕ್ ಹೋಗಿದೆಯೋ. ಒಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಮಂಡಕ್ಕಿ ಕಟ್ಟಿಕೊಟ್ಟ ಪೊಟ್ಟಣ ಬಿಚ್ಚಿದರೆ ಯಾರದ್ದೋ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಗೆರೆ ಇದೆಯಾ ಅಂತ ನೋಡುವ ಧೈರ್ಯ ಆಗಲಿಲ್ಲ. ಆಮೇಲೆ ವಾಟ್ಸಾಪ್. "ಅಣ್ಣಾ, ಫೋಟೋ ಕಳಿಸಿದ್ದೀನಿ, ಪ್ರಿಂಟ್ ಹಾಕಿ." ದಿನಕ್ಕೆ ನೂರಿನ್ನೂರು ಬರುತ್ತವೆ. ಅಷ್ಟೂ ಅಂಗಡಿ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಕೂತಿದ್ದವು. ಈ ಪತ್ರ ಬರೆಯುವ ಮೊದಲು ತೆರೆದು ನೋಡಿದೆ, 11,000ಕ್ಕೂ ಜಾಸ್ತಿ ಫೈಲು. ಅಂಗಡಿ ಹುಡುಗ ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಅವನು ಒಳ್ಳೆಯ ಹುಡುಗ, ಅದು ಬೇರೆ ಮಾತು. ಎಲ್ಲ ಅಳಿಸಿದೆ. ಈಗ ರಾತ್ರಿ ಬಾಗಿಲು ಹಾಕುವ ಮೊದಲು ದಿನವೂ ಅಳಿಸುತ್ತೇನೆ.

ಇನ್ನೊಂದು ಸಂಗತಿ ನನಗೇ ಇತ್ತೀಚೆಗೆ ತಿಳಿದಿದ್ದು. ಈಗಿನ ದೊಡ್ಡ ಜೆರಾಕ್ಸ್ ಮೆಷಿನ್ನುಗಳ ಹೊಟ್ಟೆಯಲ್ಲಿ ಎಷ್ಟೋ ಕಡೆ ಹಾರ್ಡ್ ಡಿಸ್ಕ್ ಇರುತ್ತದೆ, ಕಾಪಿ ಮಾಡಿದ್ದು ಅದರಲ್ಲಿ ಉಳಿಯಬಹುದು. 2010ರಲ್ಲಿ ಅಮೆರಿಕದ ಸಿಬಿಎಸ್ ಚಾನೆಲ್ಲಿನವರು ಹಳೇ ಮೆಷಿನ್ನುಗಳನ್ನು ಕೊಂಡು ಡಿಸ್ಕ್ ತೆಗೆಸಿ ನೋಡಿದರೆ ಪೊಲೀಸರ ಕಾಗದ, ರೋಗಿಗಳ ಕಾಗದ ಎಲ್ಲ ಸಿಕ್ಕಿತು. ಆ ಮೆಷಿನ್ ಬಳಸಿ ಬಿಟ್ಟಿದ್ದ ಒಂದು ಆರೋಗ್ಯ ವಿಮೆ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರಿಗೂ ಜಾಸ್ತಿ ತೆರಬೇಕಾಯಿತು. ನಮ್ಮಲ್ಲಿ ಮೆಷಿನ್ನು ಒಂದು ಕಚೇರಿಯಿಂದ ಹರಾಜಿಗೆ, ಹರಾಜಿನಿಂದ ನನ್ನಂಥವನಿಗೆ, ನನ್ನಿಂದ ಸೊರಬದವನಿಗೋ ಹೊಸನಗರದವನಿಗೋ ಹೋಗುತ್ತದೆ. ನಡುವೆ ಡಿಸ್ಕ್ ಅಳಿಸಿದರಾ ಅಂತ ಯಾರಾದರೂ ಕೇಳಿದ್ದುಂಟಾ? ನಾನಂತೂ ಕೇಳಿಲ್ಲ.

ಕಾಗದದ ಮೇಲಿನ ಹೆಬ್ಬೆಟ್ಟು ಕೂಡ ಈಗ ಕದಿಯುವ ವಸ್ತು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಎಷ್ಟೋ ಜನರ ಖಾತೆಯಿಂದ ಒಟಿಪಿ ಕೂಡ ಬಾರದೆ ದುಡ್ಡು ಹೋಯಿತು, ನಿಮಗೆ ನೆನಪಿರಬಹುದು. ಕ್ರಯಪತ್ರದ ಮೇಲಿನ ಹೆಬ್ಬೆಟ್ಟು ಗುರುತು ಮತ್ತು ಆಧಾರ್ ನಂಬರ್ ಕದ್ದು, ಅಚ್ಚು ಮಾಡಿಕೊಂಡು, ಆಧಾರ್ ಮೇಲೆ ದುಡ್ಡು ಕೊಡುವ ಎಇಪಿಎಸ್ ಮೆಷಿನ್ನಿಗೆ ಒತ್ತಿದ್ದರು. ಅದಕ್ಕೆ ಪಿನ್ ಬೇಡ, ಕಾರ್ಡ್ ಬೇಡ. ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು, ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿ ತನಕ. ಹೆಬ್ಬೆಟ್ಟು ಒತ್ತಿದರೆ ಭದ್ರ ಅಂತ ನಮ್ಮ ಅಜ್ಜಂದಿರು ನಂಬಿದ್ದರು. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು, ಬೆರಳು ಹೋದರೆ?

ಇದನ್ನು ಮಲೆನಾಡಿನವರು ಜಾಸ್ತಿ ಯೋಚಿಸಬೇಕು ಅನ್ನೋದು ನನ್ನ ಅಭಿಪ್ರಾಯ. ಬೇರೆ ಕಡೆಗಿಂತ ಇಲ್ಲಿ ಕಾಗದಕ್ಕೆ ಬೆಲೆ ಜಾಸ್ತಿ. ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಿದ್ದು ನಮ್ಮ ತಾಲೂಕಿನಲ್ಲಿ. ಉಳುವವನೇ ಒಡೆಯ ಅಂತ ಕಾಯ್ದೆ ಗಟ್ಟಿಯಾದ ಮೇಲೆ 1974ರ ಆಚೆಗೆ ಗೇಣಿದಾರರು ಜಮೀನಿಗಾಗಿ ಕೊಟ್ಟ ಅರ್ಜಿ ಫಾರಂ 7, ಟ್ರಿಬ್ಯುನಲ್ ಆದೇಶ, ಬಗರ್‌ಹುಕುಂನ ಸಾಗುವಳಿ ಚೀಟಿ, ಇವು ಎಷ್ಟೋ ಮನೆಗಳಲ್ಲಿ ದೇವರ ಗೂಡಿನಲ್ಲಿವೆ. ಶರಾವತಿ ಮುಳುಗಡೆಯವರು ಲಿಂಗನಮಕ್ಕಿ ಕಟ್ಟಿ 60 ವರ್ಷ ಆದಮೇಲೂ ಒಂದು ಟ್ರಂಕ್ ತುಂಬ ಹಳದಿ ಕಾಗದ ಹೊತ್ತುಕೊಂಡು ಅಂಗಡಿಗೆ ಬರುತ್ತಾರೆ. ಒಂದೊಂದು ಹಾಳೆ ಬಿಡಿಸುವಾಗ ಅವರ ಕೈ ನಡುಗುತ್ತದೆ. ಅಂಚು ವರಲೆ ತಿಂದಿರುತ್ತದೆ, ಮಡಿಕೆಯಲ್ಲಿ ಬೂಸಲು. "ಲ್ಯಾಮಿನೇಷನ್ ಮಾಡಿಕೊಡಿ" ಅನ್ನುತ್ತಾರೆ. ನಾನು ಮಾಡುವುದಿಲ್ಲ. ಒಮ್ಮೆ ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿದರೆ ಆ ಕಾಗದವನ್ನು ಮುಟ್ಟಿ, ಬೆಳಕಿಗೆ ಹಿಡಿದು, ಸೀಲಿನ ಉಬ್ಬು ನೋಡಿ ಅಸಲಿ ಅನ್ನಲು ದಾರಿಯೇ ಉಳಿಯುವುದಿಲ್ಲ. ಒಳಗಿನ ತೇವ ಒಳಗೇ ಉಳಿದು ಕಲೆ ಹರಡಲೂಬಹುದು. ಒಣಗಿಸಿ ಸಡಿಲವಾದ ಕವರಿನಲ್ಲಿಡಿ, ಒಳ್ಳೆಯ ಸ್ಕ್ಯಾನ್ ಒಂದು ಇಟ್ಟುಕೊಳ್ಳಿ ಅನ್ನುತ್ತೇನೆ. ಇನ್ನೊಂದು, ಅಸಲಿಯನ್ನು ರಸೀದಿ ಇಲ್ಲದೆ ಯಾರ ಕೈಗೂ ಕೊಡಬೇಡಿ, ಎಷ್ಟು ದೊಡ್ಡವರು ಕೇಳಿದರೂ.

ತಾಲೂಕು ಕಚೇರಿಗಳ ರೆಕಾರ್ಡ್ ರೂಮುಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯನ್ನು ಕಂದಾಯ ಇಲಾಖೆ ಶುರು ಮಾಡಿದ್ದು ನಿಜಕ್ಕೂ ಒಳ್ಳೆಯದಾಯಿತು. ಕಡತದಿಂದ ಹಾಳೆ ಕಿತ್ತು ಬೇರೆ ಹಾಳೆ ಸೇರಿಸುವ ಆಟ ಇನ್ನು ಕಷ್ಟ. ಆದರೆ ಆ ಸ್ಕ್ಯಾನುಗಳಲ್ಲೂ ಹೆಬ್ಬೆಟ್ಟುಗಳಿವೆ, ಮುಂದೆ ಜನರಿಗೆ ಪ್ರತಿ ಕೊಡುವಾಗ ಅವು ಮುಚ್ಚಿರಬೇಕು, ಅಷ್ಟು ನೋಡಿಕೊಳ್ಳಿ.

ಕಾನೂನು ಏನು ಹೇಳುತ್ತದೆ ಅಂತಲೂ ಓದಿದೆ, ನನಗೆ ಅರ್ಥವಾದಷ್ಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 250 ಕೋಟಿ ತನಕ ದಂಡ. ಆದರೆ ಹೆಸರಲ್ಲೇ ಇದೆಯಲ್ಲ, ಡಿಜಿಟಲ್. ಕಂಪ್ಯೂಟರಿನಲ್ಲಿ ಇರುವುದಕ್ಕೆ, ಇಲ್ಲವೇ ಕಾಗದದಿಂದ ಕಂಪ್ಯೂಟರಿಗೆ ಹೋದದ್ದಕ್ಕೆ ಮಾತ್ರ ಅದು ಅನ್ವಯ. ಕಾಗದವಾಗಿಯೇ ಉಳಿದ ಜೆರಾಕ್ಸ್ ಬಂಡಲ್ಲು, ಬೀರುವಿನ ಮೇಲೆ ಹಗ್ಗ ಕಟ್ಟಿ ಇಟ್ಟಿದ್ದು, ಆ ಕಾಯ್ದೆಯ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ನಿಮಗೆ ಬರೆಯುತ್ತಿರುವುದು. ದಿಲ್ಲಿಯ ಕಾಯ್ದೆ ಮುಟ್ಟದ ಜಾಗವನ್ನು ಜಿಲ್ಲೆಯ ಒಂದು ಸುತ್ತೋಲೆ ಮುಟ್ಟಬಹುದು.

ಸುತ್ತೋಲೆಯಲ್ಲಿ ಏನಿರಬೇಕು ಅಂತ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ ಕೇಳಿದ್ದಕ್ಕೆ ಹೇಳಿದ ಅಂದುಕೊಳ್ಳಿ. ನಂಬರ್ ಒತ್ತಿ ನೋಡಬಹುದಾದ ಪತ್ರಕ್ಕೆ ಕಾಪಿ ಕೇಳಲೇಬಾರದು, ನಂಬರ್ ಬರೆದುಕೊಂಡು, ನೋಡಿ, ಅಸಲಿ ವಾಪಸ್ ಕೊಟ್ಟು ಕಳಿಸಲಿ. ಆಧಾರ್ ಬೇಕೇ ಬೇಕು ಅಂದ ಕಡೆ ಸ್ಕ್ಯಾನ್ ಮಾಡಲಿ. ಪೂರ್ತಿ ನಂಬರ್ ಬೇಡದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಲಿ. ಅದು ಪ್ರಾಧಿಕಾರದವರೇ ಕೊಡುವ ಪತ್ರ, ಆದರೂ ನಾನು ಪ್ರಿಂಟ್ ಹಾಕಿಕೊಟ್ಟಿದ್ದನ್ನು "ಇದರಲ್ಲಿ ನಂಬರೇ ಇಲ್ಲ" ಅಂತ ವಾಪಸ್ ಕಳಿಸಿದ ಕೌಂಟರುಗಳಿವೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಆಧಾರ್ ಜೆರಾಕ್ಸನ್ನು ಎಲ್ಲರಿಗೂ ಕೊಡಬೇಡಿ ಅಂತ ಎಚ್ಚರಿಸಿತ್ತು. ಜನ ತಪ್ಪು ತಿಳಿಯುತ್ತಾರೆ ಅಂತ ಎರಡೇ ದಿನಕ್ಕೆ ಹಿಂದೆ ತೆಗೆದುಕೊಂಡರು. ನನ್ನ ಪ್ರಕಾರ ಜನ ಸರಿಯಾಗೇ ತಿಳಿದಿದ್ದರು.

ಮತ್ತೆ, ಕಾಪಿಯ ಮೇಲೆ ಅಡ್ಡಕ್ಕೆ ಬರೆದಿದ್ದರೆ "ಗಲೀಜು ಮಾಡಿದ್ದೀರಿ" ಅಂತ ತಿರಸ್ಕರಿಸಬಾರದು. ಅಕ್ಕನ ಕಥೆ ಆದಮೇಲೆ ನಾನು ಮೇಜಿಗೆ ದಾರ ಕಟ್ಟಿ ಒಂದು ಪೆನ್ ಇಟ್ಟಿದ್ದೇನೆ. ಕಾಪಿ ತಗೊಂಡವರಿಗೆಲ್ಲ ಹೇಳುತ್ತೇನೆ: ಯಾವ ಕೆಲಸಕ್ಕೆ, ಯಾರಿಗೆ, ಯಾವ ತಾರೀಕು ಅಂತ ಫೋಟೋ ಮತ್ತು ಅಕ್ಷರಗಳ ಮೇಲೆಯೇ ಹಾದುಹೋಗುವ ಹಾಗೆ ಬರೆಯಿರಿ, ಮೂಲೆಯಲ್ಲಿ ಬೇಡ, ಮೂಲೆಯದ್ದನ್ನು ಮುಚ್ಚಿ ಕಾಪಿ ತೆಗೆಯಬಹುದು. "ಸ್ಕಾಲರ್‌ಶಿಪ್ಪಿಗೆ ಮಾತ್ರ" ಅಂತ ಮುಖದ ಮೇಲೆ ಬರೆದ ಕಾಪಿ ಹಿಡಿದು ಫೋನಿನ ಸಾಲ ಕೇಳೋದು ಸ್ವಲ್ಪವಾದರೂ ಕಷ್ಟ ಅಲ್ವಾ.

ಹಾಗೇ ಪಟ್ಟಿಗಳು. ಫಲಾನುಭವಿಗಳ ಪಟ್ಟಿ ಅಂತ ನೋಟೀಸ್ ಬೋರ್ಡಿನಲ್ಲಿ ಹೆಸರಿನ ಪಕ್ಕ ಪೂರ್ತಿ ಆಧಾರ್ ನಂಬರ್, ಪೂರ್ತಿ ಖಾತೆ ನಂಬರ್ ಅಂಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಧಾರ್ ನಂಬರನ್ನು ಹೀಗೆ ಎಲ್ಲರಿಗೂ ಕಾಣುವಂತೆ ಹಾಕಬಾರದು ಅಂತ 2016ರ ಆಧಾರ್ ಕಾಯ್ದೆಯಲ್ಲೇ ಇದೆ. ಕೊನೆಯದಾಗಿ ಹಳೇ ಕಾಪಿಗಳು. ಯಾವಾಗ ತನಕ ಇಡಬೇಕೋ ಅಷ್ಟು ದಿನ ಬೀಗದೊಳಗೆ ಇಡಲಿ, ಆಮೇಲೆ ಕೆಜಿ ಲೆಕ್ಕಕ್ಕೆ ಮಾರದೆ ಚೂರು ಮಾಡಲಿ. ಚೂರು ಮಾಡುವ ಮೆಷಿನ್ನೂ ಉದ್ದುದ್ದ ಪಟ್ಟಿ ಕತ್ತರಿಸುವಂಥದ್ದು ಬೇಡ. 1979ರಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ಹಾಗೆ ಕತ್ತರಿಸಿದ ಕಾಗದಗಳನ್ನು ಜಮಖಾನೆ ನೇಯುವವರನ್ನು ಕೂರಿಸಿ ಮತ್ತೆ ಜೋಡಿಸಿಬಿಟ್ಟರು. ಅಡ್ಡಕ್ಕೂ ಉದ್ದಕ್ಕೂ ಕತ್ತರಿಸುವ ಮೆಷಿನ್ ತನ್ನಿ. ಕಾಗದದ ಕಾರ್ಖಾನೆಯನ್ನೇ 1930ರ ದಶಕದಲ್ಲಿ ಭದ್ರಾವತಿಯಲ್ಲಿ ಕಟ್ಟಿದ ಜಿಲ್ಲೆಗೆ ಕಚೇರಿಗೊಂದು ಕಾಗದ ಕತ್ತರಿಸುವ ಮೆಷಿನ್ ಭಾರವಾಗಲಾರದು.

ನಮ್ಮಂಥ ಅಂಗಡಿಯವರನ್ನೂ ಒಂದು ದಿನ ಕರೆಸಿ. ಬೈಯೋಕಲ್ಲ, ಕಲಿಸೋಕೆ. ಹೆಚ್ಚಿನವರಿಗೆ ಡಿಸ್ಕಿನ ವಿಷಯ ಗೊತ್ತೇ ಇಲ್ಲ.

ಈ ಪತ್ರ ಓದುತ್ತಿರುವ ಊರವರಿಗೆ ಎರಡು ಮಾತು. ಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು, ಹಾಕಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಸರ್ಕಾರದ 'ಸಂಚಾರ್ ಸಾಥಿ' ವೆಬ್‌ಸೈಟಿನಲ್ಲಿ ನೋಡಿ. ನಿಮ್ಮ ಹೆಸರಲ್ಲಿ ಯಾವ ಸಾಲ ಇದೆ ಅನ್ನೋ ವರದಿ ಸಿಬಿಲ್ ಥರದ ಕಂಪನಿಗಳಿಂದ ವರ್ಷಕ್ಕೊಂದು ಬಿಟ್ಟಿ ಸಿಗುತ್ತದೆ. ದುಡ್ಡು ಹೋಗಿದೆ ಅಂತ ಗೊತ್ತಾದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ನಿಮ್ಮದೂ ಬ್ಯಾಂಕಿನದ್ದೂ ತಪ್ಪಿಲ್ಲದೆ ಹೋದ ದುಡ್ಡನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರಬಾರದು ಅಂತ ರಿಸರ್ವ್ ಬ್ಯಾಂಕು 2017ರಲ್ಲೇ ನಿಯಮ ಮಾಡಿತ್ತು. "ನಾಳೆ ಪೇಟೆಗೆ ಹೋದಾಗ ಕೇಳಿದರಾಯ್ತು" ಅಂತ ಕೂರಬೇಡಿ. ಇದೆಲ್ಲ ನಿಮಗೆ ಬಾರದಿದ್ದರೆ ಮನೆಯ ಕಾಲೇಜು ಹುಡುಗರಿಗೆ ಹೇಳಿ, ಇಲ್ಲ ನನ್ನ ಅಂಗಡಿಗೆ ಬನ್ನಿ, ದುಡ್ಡು ಬೇಡ.

ಅಕ್ಕನ ದೂರು ಇನ್ನೂ ನಡೆಯುತ್ತಿದೆ. ಕಂತು ಕಟ್ಟಿ ಅನ್ನೋ ಫೋನು ನಿಂತಿದೆಯಂತೆ, ಅಷ್ಟಾದರೂ ಆಯಿತು. ದೂರಿಗೆ ನನ್ನ ಕಡೆಯಿಂದ ಒಂದು ಹಾಳೆ ಬರೆದುಕೊಟ್ಟಿದ್ದೇನೆ: ಈ ಕಾಪಿ ನನ್ನ ಮೆಷಿನ್ನಿನದ್ದು, ಗೆರೆಯಿಂದ ಗುರುತಿಸಬಹುದು ಅಂತ. ಪಿನ್ನು ಬಿದ್ದಿದ್ದು ಯಾವಾಗ ಅಂತ ನನ್ನ ರಿಪೇರಿ ಪುಸ್ತಕದಲ್ಲಿ ತಾರೀಕು ಇತ್ತು, ಅದಕ್ಕಿಂತ ಮೊದಲು ಕೊಟ್ಟ ಆರು ಕಾಪಿ ಲೆಕ್ಕದಿಂದ ಹೊರಗೆ ಹೋದವು. ಉಳಿದಿದ್ದು ಎಂಟು. ಬಣ್ಣದ ಲೇಸರ್ ಪ್ರಿಂಟರುಗಳು ಎಷ್ಟೋ ಪುಟದ ಮೇಲೆ ಕಣ್ಣಿಗೆ ಕಾಣದ ಹಳದಿ ಚುಕ್ಕಿಗಳಲ್ಲಿ ಮೆಷಿನ್ನಿನ ನಂಬರ್ ಬರೆದಿಡುತ್ತವೆ ಅಂತ 2005ರಲ್ಲೇ ಅಮೆರಿಕದಲ್ಲಿ ಕಂಡುಹಿಡಿದಿದ್ದರಂತೆ. ನನ್ನದು ಬಡವರ ಮನೆಯ ಹಳದಿ ಚುಕ್ಕಿ. ತನಿಖೆ ಮುಗಿಯುವ ತನಕ ಡ್ರಮ್ ಬದಲಾಯಿಸುವುದಿಲ್ಲ.

ಅಂದಹಾಗೆ, ಇದನ್ನು ಬಹಿರಂಗ ಪತ್ರ ಮಾಡುವ ಆಸೆ ನನಗಿರಲಿಲ್ಲ. ಮೊದಲು ಮಾಮೂಲಿ ಮನವಿಯಾಗಿಯೇ ಬರೆದು ಒಂದು ಕಚೇರಿಯ ಟಪಾಲು ಕೌಂಟರಿಗೆ ಹೋಗಿದ್ದೆ. ಅಲ್ಲಿದ್ದವರು ಪಾಪ ಒಳ್ಳೆಯವರೇ. ಪುಟ ತಿರುವಿ ನೋಡಿದರು, ಓದಲಿಲ್ಲ. "ಇದರ ಜೊತೆ ಅರ್ಜಿದಾರರ ಆಧಾರ್ ಜೆರಾಕ್ಸ್ ಇಲ್ಲವಲ್ಲ, ಹಾಕಿ ತನ್ನಿ" ಅಂದರು.

ಇಂತಿ ನಿಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವನು, ಸಾಗರ

ಲಗತ್ತು: ಇಲ್ಲ